ಮಕ್ಕಳ ಜೀವನಾಂಶಕ್ಕೆ ಉಚಿತ ವಕೀಲರು: ಧಾರವಾಡ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸೇವೆ ಹೇಗಿದೆ?

ಗಂಡ ಬಿಟ್ಟುಹೋದ ಮುಸ್ಲಿಂ ತಾಯಂದಿರಿಗೆ ಮಕ್ಕಳ ಖರ್ಚಿನ ವಿಷಯದಲ್ಲಿ ನಾವು ಮೊದಲು ತೋರಿಸುವ ಬಾಗಿಲು ಇದೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲ. ವಕೀಲರ ಫೀ, ಕೋರ್ಟ್ ಫೀ, ನೋಟಿಸ್ ಖರ್ಚು ಎಲ್ಲ ಪ್ರಾಧಿಕಾರದ್ದೇ. ನೇಮಕವಾದ ವಕೀಲರು "ಖರ್ಚಿಗೆ ಸ್ವಲ್ಪ ಕೊಡ್ರಿ" ಅಂದರೆ ಕೊಡಬೇಕಿಲ್ಲ. ಕಾರ್ಯದರ್ಶಿಗೆ ಬರೆದುಕೊಟ್ಟು ಬೇರೆಯವರನ್ನು ಕೇಳಬಹುದು. ಹುಬ್ಬಳ್ಳಿಯವರು ಅಲ್ಲಿನ ತಾಲ್ಲೂಕು ಸಮಿತಿಗೆ ಹೋದರೂ ಸಾಕು. ಬರೆಯಲು ಬಾರದವರು ಬಾಯಿಮಾತಲ್ಲೇ ಹೇಳಿ ಬರೆಸಬಹುದು. ಸಹಾಯವಾಣಿ 15100.

ಸಂಧಾನಕ್ಕೆ ಕೂತಾಗ "ಮಕ್ಕಳು ಆಕೀ ಹತ್ರ ಅದಾವು, ಆಕೀನs ನೋಡ್ಕೋಬೇಕು" ಅನ್ನುವ ಮಾತು ಬರುತ್ತದೆ. ಶರೀಅತ್ತಿನಲ್ಲಿ ಅದಕ್ಕೆ ಆಧಾರವಿಲ್ಲ. ಹನಫಿ ಪದ್ಧತಿಯಲ್ಲಿ (ಸುನ್ನಿ ಮುಸ್ಲಿಮರ ಒಂದು ಕಾನೂನು ಪಂಥ) ಹಿಜಾನತ್, ಅಂದರೆ ಮಗುವನ್ನು ಇಟ್ಟುಕೊಂಡು ಸಾಕುವ ಹಕ್ಕು, ಗಂಡುಮಗುವಿಗೆ 7 ವರ್ಷ ತುಂಬುವವರೆಗೆ, ಹೆಣ್ಣುಮಗು ಮೈನೆರೆಯುವವರೆಗೆ ತಾಯಿಯದು. ಆಗಲೂ ನಫಖಾ, ಅಂದರೆ ಮಗುವಿನ ಊಟ-ಬಟ್ಟೆಯ ಖರ್ಚು, ತಂದೆಯ ಹೊಣೆಯೇ. ತಲಾಖ್ ಆದ ಮುಸ್ಲಿಂ ಮಹಿಳೆಯರ ಹಕ್ಕುಗಳ 1986ರ ಕಾಯ್ದೆ ತೋರಿಸಿ "ಮಗುವಿನ ಖರ್ಚು ಹುಟ್ಟಿದಾಗಿನಿಂದ ಎರಡೇ ವರ್ಷ" ಎಂದು ವಾದಿಸಿದರೆ, 1997ರ ನೂರ್ ಸಬಾ ಖಾತೂನ್ ತೀರ್ಪನ್ನು ಮುಂದಿಡಿ: ಮಕ್ಕಳ ಹಕ್ಕು ತಾಯಿಯ ತಲಾಖಿನಿಂದ ಮೊಟಕಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಮಗುವಿನ ಹೆಸರನ್ನೂ ಅರ್ಜಿದಾರರಾಗಿ ಸೇರಿಸಿ, ಮಗುವಿಗೆ ಬೇಕಾದ ಮೊತ್ತವನ್ನು ಪ್ರತ್ಯೇಕವಾಗಿ ಕೇಳುವಂತೆ ವಕೀಲರಿಗೆ ಹೇಳಿ. ತಾಯಿ ಖುಲಾ (ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ) ಪಡೆಯುವಾಗ ಸಹಿ ಮಾಡಿದ ಕಾಗದ ಮಗುವಿನ ಪಾಲನ್ನು ಕಸಿಯದಿರಲಿ.

ಅರ್ಜಿ ಹೋಗುವುದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಕಲಮಿನಡಿ. 2024ರ ಜುಲೈ 1ಕ್ಕೆ ಮೊದಲು ಇದೇ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಮು ಆಗಿತ್ತು. ತಾಯಿ ಈಗಿರುವ ಊರಲ್ಲೇ ಹಾಕಬಹುದು. ಮಗುವಿನ ಜನನ ಪ್ರಮಾಣಪತ್ರ, ನಿಕಾಹ್ ನಾಮಾ (ಉರ್ದುವಿನಲ್ಲಿದ್ದರೆ ಕನ್ನಡ ಅನುವಾದ ಸಮೇತ), ಶಾಲೆಯ ಫೀ ರಸೀದಿ, ಔಷಧಿ ಬಿಲ್ಲು ಒಯ್ಯಿರಿ. ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವವರೆಗಿನ ಖರ್ಚಿನ, ಅರ್ಜಿಯನ್ನೂ ಅಂದೇ ಸೇರಿಸಿ. ಅದು ನೋಟಿಸ್ ತಲುಪಿದ ದಿನದಿಂದ ಸಾಧ್ಯವಾದಷ್ಟು ಮಟ್ಟಿಗೆ 60 ದಿನಗಳಲ್ಲಿ ಮುಗಿಯಬೇಕು.

ಕೆಲಸ ಕೆಡುವುದು ಆ "ತಲುಪಿದ" ಎಂಬಲ್ಲೇ. ತಂದೆ ಗೋವಾಕ್ಕೋ ಗಲ್ಫಿಗೋ ಹೋಗಿರುತ್ತಾನೆ, ನೋಟಿಸ್ "ಮನೆ ಬೀಗ" ಎಂದು ವಾಪಸ್ ಬರುತ್ತದೆ, ತಾರೀಖಿನ ಮೇಲೆ ತಾರೀಖು. ಅವನ ಕೆಲಸದ ವಿಳಾಸ, ಫೋನ್ ನಂಬರ್, ಪಾಸ್‌ಪೋರ್ಟ್ ಪ್ರತಿ, ಹಣ ಕಳಿಸಿದ ಬ್ಯಾಂಕ್ ವಿವರ, ಅಣ್ಣತಮ್ಮಂದಿರ ವಿಳಾಸ ಮೊದಲೇ ಕೊಟ್ಟರೆ ತಿಂಗಳುಗಳು ಉಳಿಯುತ್ತವೆ. ಬೇಕೆಂತಲೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ತೋರಿಸಿದರೆ ಕೋರ್ಟ್ ಏಕಪಕ್ಷೀಯವಾಗಿ ನಡೆಸಬಹುದು. ನಾಲ್ಕು ವರ್ಷದಿಂದ ಸುದ್ದಿಯೇ ಇಲ್ಲವೆಂದರೆ, ಇಲ್ಲವೇ ಎರಡು ವರ್ಷ ಖರ್ಚು ಕೊಟ್ಟಿಲ್ಲವೆಂದರೆ, 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ವಿವಾಹ ರದ್ದತಿಯನ್ನೂ ತಾಯಿ ಕೇಳಬಹುದು. ಅದು ಬೇರೆ ದಾವೆ.

ಸೇವೆಯ ದುರ್ಬಲ ಕೊಂಡಿ ವಸೂಲಿ. ಆದೇಶ ಬಂತೆಂದು ಹಣ ಬರುವುದಿಲ್ಲ, ಬಾಕಿಗೆ ಮತ್ತೆ ಅರ್ಜಿ ಹಾಕಬೇಕು. ಅದಕ್ಕೂ ವಕೀಲರು ಬೇಕೆಂದು ಪ್ರಾಧಿಕಾರಕ್ಕೆ ಬರೆದುಕೊಡಿ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳದಿದ್ದರೆ ಆ ತಿಂಗಳ ಹಣಕ್ಕೆ ವಸೂಲಿ ವಾರಂಟ್ ಸಿಗುವುದಿಲ್ಲ. ಈ ಮಾತನ್ನು ಆದೇಶದ ಪ್ರತಿಯ ಜೊತೆಗೇ ಪ್ರತಿ ತಾಯಿಗೂ ಬರೆದುಕೊಡುವ ವ್ಯವಸ್ಥೆ ಆಗಬೇಕು.