ಗಂಜಿನ ಅಂಗಡಿಯಲ್ಲಿ ಏಳು ವರ್ಷ ದುಡಿದ ಕಾಲರ್ ಐಡಿ ಪೆಟ್ಟಿಗೆ

ಕಲಬುರಗಿಯ ನೆಹರೂ ಗಂಜಿನಲ್ಲಿರುವ ನಮ್ಮ ಅಡತಿ ಅಂಗಡಿಯ ಸ್ಥಿರ ದೂರವಾಣಿಗೆ ತೊಗರಿಯ ಹಂಗಾಮಿನಲ್ಲಿ ಬಿಡುವೆಂಬುದಿಲ್ಲ. ಆಳಂದ, ಸೇಡಂ, ಜೇವರ್ಗಿ ಕಡೆಯ ರೈತರು ಹೆಸರು ಹೇಳುವ ಮೊದಲೇ ದರ ಕೇಳುತ್ತಾರೆ. ಕರೆ ಮಾಡಿದವರ ಖಾತೆ ತಾನಾಗಿಯೇ ಪರದೆಯ ಮೇಲೆ ತೆರೆದುಕೊಳ್ಳಲಿ ಎಂದು 2018ರಲ್ಲಿ, ಸೀರಿಯಲ್ ಪೋರ್ಟ್ (ಕಂಪ್ಯೂಟರಿನ ಹಳೆಯ ಮಾದರಿಯ ಕಿಂಡಿ) ಮೂಲಕ ಕಂಪ್ಯೂಟರಿಗೆ ಜೋಡಿಸಬಹುದಾದ, ಕರೆ ಮಾಡಿದವರ ಸಂಖ್ಯೆಯನ್ನು ತಿಳಿಸುವ ಕಾಲರ್ ಐಡಿ ಪೆಟ್ಟಿಗೆಯೊಂದನ್ನು ಕೊಂಡೆ.

ಅದಕ್ಕೂ ಮೊದಲು, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡಯಲ್‌ಅಪ್ ಮೋಡೆಮ್‌ನಿಂದಲೇ ಕೆಲಸ ಸಾಗೀತೆಂದು ನೋಡಿದ್ದೆ. ಕರೆ ಮಾಡಿದವರ ಸಂಖ್ಯೆ ತೋರಿಸು ಎನ್ನುವ ಎಟಿ+ವಿಸಿಐಡಿ=1 ಎಂಬ ಆಜ್ಞೆಗೆ ಅದು 'ಓಕೆ' ಎಂದಿತು; ಕರೆ ಬಂದಾಗ 'ರಿಂಗ್' ಎಂದಷ್ಟೇ ತೋರಿಸಿತು, ಸಂಖ್ಯೆ ಮಾತ್ರ ಬರಲಿಲ್ಲ. ಮೋಡೆಮ್ ಕೆಟ್ಟಿರಲಿಲ್ಲ. ಅದಕ್ಕೆ ತಿಳಿದಿದ್ದುದು ಎಫ್‌ಎಸ್‌ಕೆ ಪದ್ಧತಿ, ಅಂದರೆ ಮೊದಲ ಮತ್ತು ಎರಡನೆಯ ಗಂಟೆಯ ನಡುವಿನ ಮೌನದಲ್ಲಿ, ಎರಡು ಸ್ವರಗಳ ಅದಲುಬದಲಿನಿಂದ, ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಸಂಖ್ಯೆಯನ್ನು ಕಳುಹಿಸುವ ಕ್ರಮ. ನಮ್ಮ ತಾಮ್ರದ ತಂತಿಯಲ್ಲಿ ಬರುತ್ತಿದ್ದುದು ಡಿಟಿಎಂಎಫ್: ತಂತಿಯ ಧನ-ಋಣಗಳು ಅದಲುಬದಲಾಗಿ, ಗಂಟೆ ಬಾರಿಸುವ ಮೊದಲೇ, ಫೋನಿನ ಗುಂಡಿ ಒತ್ತಿದಾಗ ಕೇಳುವಂಥ ಸ್ವರಗಳಲ್ಲಿಯೇ ಅಂಕಿಗಳು ಬಂದುಬಿಡುತ್ತಿದ್ದವು. ಕೊಳ್ಳುವವರು ಬೇರೆಲ್ಲಕ್ಕಿಂತ ಮೊದಲು ವಿಚಾರಿಸಬೇಕಾದುದು ತಮ್ಮ ಲೈನಿನಲ್ಲಿ ಇವೆರಡರಲ್ಲಿ ಯಾವುದಿದೆ ಎಂಬುದನ್ನೇ. ನಾನು ಕೊಂಡ ಪೆಟ್ಟಿಗೆಯ ತಳದಲ್ಲಿ ಇವೆರಡರಲ್ಲಿ ಬೇಕಾದುದನ್ನು ಆರಿಸುವ ಒಂದು ಸ್ವಿಚ್ ಇದ್ದುದೇ ಅದರ ಅತಿದೊಡ್ಡ ಗುಣ.

ಮೊದಲ ವಾರ ಕೆಲವು ಕರೆಗಳಲ್ಲಿ ಒಂದೆರಡು ಅಂಕಿಗಳು ತಪ್ಪಿಹೋಗುತ್ತಿದ್ದವು. ಒಂದೇ ತಂತಿಯಲ್ಲಿ ಬರುವ ಫೋನನ್ನೂ ಇಂಟರ್‌ನೆಟ್ಟನ್ನೂ ಬೇರ್ಪಡಿಸುವ ಬ್ರಾಡ್‌ಬ್ಯಾಂಡ್ ಸ್ಪ್ಲಿಟರಿಗೂ ಮುಂಚೆ ಪೆಟ್ಟಿಗೆಯನ್ನು ಸಿಕ್ಕಿಸಿದ್ದು ನನ್ನದೇ ತಪ್ಪು. ಸ್ಪ್ಲಿಟರಿನ ಫೋನ್ ಕಿಂಡಿಗೆ ಬದಲಾಯಿಸಿದ ಮೇಲೆ ಆ ತೊಂದರೆ ನಿಂತಿತು. ಅಂದಿನಿಂದ ಮುನೀಮರಿಗೆ ಅದೊಂದು ಬೆರಗು: "ಗಂಟಿ ಬಡಿಯೂಕಿಂತ ಮುಂಚೇನೇ ಹೆಸರು ಬಂತಲ್ರಿ!"

ಕಂಪ್ಯೂಟರಿಗೆ ಬರುವುದು ಸರಳವಾದ ಒಂದು ಸಾಲು ಅಕ್ಷರ. ಪೋರ್ಟನ್ನು 9600 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದು ಹೊಂದಿಸಿದರೆ ಯಾವ ಟರ್ಮಿನಲ್ ತಂತ್ರಾಂಶದಲ್ಲಿಯೂ ಅದನ್ನು ಓದಬಹುದು. ತಯಾರಕರು ಕೊಟ್ಟ ಸಿ.ಡಿ.ಯ ತಂತ್ರಾಂಶವನ್ನು ಎರಡೇ ದಿನದಲ್ಲಿ ಅಳಿಸಿ, ಪರಿಚಯದ ಹುಡುಗನೊಬ್ಬನಿಂದ ಚಿಕ್ಕ ಪ್ರೋಗ್ರಾಂ ಬರೆಸಿಕೊಂಡೆ. ಶ್ರಮ ಬಿದ್ದದ್ದು ಸಂಖ್ಯೆಗಳ ಹೊಂದಾಣಿಕೆಗೆ. ಒಂದೇ ಮೊಬೈಲ್ ಸಂಖ್ಯೆ ಒಮ್ಮೆ ಮುಂದೆ ಸೊನ್ನೆಯೊಡನೆ, ಒಮ್ಮೆ ಸೊನ್ನೆಯಿಲ್ಲದೆ ಬರುತ್ತಿತ್ತು; ಊರೊಳಗಿನ ಸ್ಥಿರ ದೂರವಾಣಿಗಳು 08472 ಇಲ್ಲದೆ ಬರಿಯ ಆರು ಅಂಕಿಗಳಾಗಿ ಬರುತ್ತಿದ್ದವು. ಕೊನೆಯ ಹತ್ತು ಅಂಕಿಗಳನ್ನಷ್ಟೇ ಹೋಲಿಸಬೇಕು, ಆರೇ ಇದ್ದರೆ ಮುಂದೆ 8472 ಸೇರಿಸಬೇಕು ಎಂದು ನಿಯಮ ಮಾಡಿಕೊಂಡ ಮೇಲೆ ಖಾತೆಗಳು ಸರಿಯಾಗಿ ತೆರೆದುಕೊಂಡವು. ಡಿಟಿಎಂಎಫ್‌ನಲ್ಲಿ ದಿನಾಂಕವಾಗಲಿ ವೇಳೆಯಾಗಲಿ ಬರುವುದಿಲ್ಲ. ಪೆಟ್ಟಿಗೆಯ ಗಡಿಯಾರವೋ ಕರೆಂಟು ಹೋದಾಗಲೆಲ್ಲ ಹಿಂದಕ್ಕೆ ಹೋಗುವಂಥದ್ದು. ಆದ್ದರಿಂದ ವೇಳೆಯನ್ನು ಕಂಪ್ಯೂಟರೇ ದಾಖಲಿಸುವಂತೆ ಮಾಡಿಸಿದೆ.

2020ರಲ್ಲಿ ಹೊಸ ಕಂಪ್ಯೂಟರ್ ಬಂದಾಗ ಅದರಲ್ಲಿ ಸೀರಿಯಲ್ ಪೋರ್ಟ್ ಇರಲಿಲ್ಲ. ಅಗ್ಗದ ಯುಎಸ್‌ಬಿ ಪರಿವರ್ತಕ ಕೇಬಲ್ಲೊಂದು ವಿಂಡೋಸ್ ಅಪ್‌ಡೇಟ್ ಆದ ದಿನವೇ ಕೈಕೊಟ್ಟಿತು. ಎರಡನೆಯದು ಇಂದಿಗೂ ನಡೆಯುತ್ತಿದೆ, ಆದರೆ ಅದನ್ನು ಬೇರೆ ಕಿಂಡಿಗೆ ಸಿಕ್ಕಿಸಿದರೆ ಕಾಮ್ ಪೋರ್ಟಿನ ಸಂಖ್ಯೆಯೇ (ಪ್ರೋಗ್ರಾಂ ಪೆಟ್ಟಿಗೆಯನ್ನು ಹುಡುಕುವ ಕಿಂಡಿಯ ಸಂಖ್ಯೆ) ಬದಲಾಗುತ್ತದೆ. ಕಸ ಗುಡಿಸುವಾಗ ಕೇಬಲ್ ಕಿತ್ತು ಮತ್ತೆಲ್ಲೋ ಚುಚ್ಚಿದರೆ ಮುಗಿಯಿತು. ಡಿವೈಸ್ ಮ್ಯಾನೇಜರಿನಲ್ಲಿ ನೋಡಿ ಪೋರ್ಟ್ ಸಂಖ್ಯೆಯನ್ನು ತಿದ್ದುವುದನ್ನು ಮುನೀಮರಿಗೂ ಕಲಿಸಿದ್ದೇನೆ.

2022ರಲ್ಲಿ ತಾಮ್ರದ ತಂತಿ ಹೋಗಿ ಫೈಬರ್ ಬಂದಿತು. ಸಂಖ್ಯೆ ಹಳೆಯದೇ, ಫೋನೂ ಹಳೆಯದೇ, ಆದರೆ ಪೆಟ್ಟಿಗೆ ಮೂಕವಾಯಿತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಳದ ಸ್ವಿಚ್ ನೆನಪಾಯಿತು: ಹೊಸ ಫೈಬರ್ ಮೋಡೆಮ್ಮಿನ ಫೋನ್ ಕಿಂಡಿಯಿಂದ ಬರುತ್ತಿದ್ದುದು ಎಫ್‌ಎಸ್‌ಕೆ. ಸ್ವಿಚ್ಚನ್ನು ಆ ಕಡೆಗೆ ಸರಿಸಿದೊಡನೆ ಸಂಖ್ಯೆಗಳು ಬರತೊಡಗಿದವು, ಮೊದಲ ಗಂಟೆ ಮುಗಿದ ನಂತರ. ಅದು ಮುಗಿಯುವ ಮೊದಲೇ ರಿಸೀವರ್ ಎತ್ತಿದರೆ ಪರದೆ ಖಾಲಿ. ಹಳೆಯ ಅಭ್ಯಾಸ ಬಿಡದ ಮುನೀಮರು ಈಗಲೂ ದಿನಕ್ಕೆ ನಾಲ್ಕಾರು ಬಾರಿ ಹೆಸರು ಕೇಳಿಕೊಂಡೇ ಖಾತೆ ತೆರೆಯುತ್ತಾರೆ.