ನಾಲ್ಕು ಸಿಮ್, ಒಂದು ತಂತಿ: ತೋಟದ ಮನೆಯ ಫೋನ್ ಲೆಕ್ಕ

ಮೊಬೈಲ್ ಬಂದ ಮೇಲೆ ಫೋನಿನ ಖರ್ಚು ಇಳಿಯಿತು ಎನ್ನುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಹೋದ ವರ್ಷ ನಿಮ್ಮ ಮನೆಯಲ್ಲಿ ಎಲ್ಲರೂ ಸೇರಿ ರೀಚಾರ್ಜ್‌ಗೆ ಹಾಕಿದ್ದು ಎಷ್ಟು? ಉತ್ತರ ಬರುವುದಿಲ್ಲ. ಲ್ಯಾಂಡ್‌ಲೈನ್ ಬಿಲ್ಲು ಕಾಗದದಲ್ಲಿ ಬರುತ್ತಿತ್ತು. ಹಿರಿಯರು ಕನ್ನಡಕ ಏರಿಸಿ ಓದಿ, ಬೆಂಗಳೂರಿಗೆ ಇಷ್ಟು ಹೊತ್ತು ಮಾತಾಡಿದವರು ಯಾರು ಎಂದು ಊಟದ ಹೊತ್ತಿನಲ್ಲಿ ವಿಚಾರಣೆ ನಡೆಸುತ್ತಿದ್ದರು. ರೀಚಾರ್ಜ್‌ಗೆ ಆ ವಿಚಾರಣೆಯೇ ಇಲ್ಲ. ಇವತ್ತು ಒಬ್ಬರದ್ದು, ನಾಡಿದ್ದು ಇನ್ನೊಬ್ಬರದ್ದು ಎಂದು ಮುನ್ನೂರು, ಎಂಟುನೂರು ಸದ್ದಿಲ್ಲದೆ ಹೋಗುತ್ತಿರುತ್ತದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆಯ ದಿಕ್ಕಿಗೆ, ಮೇಗರವಳ್ಳಿಯಿಂದ ಒಳಗೆ ಹೋದರೆ ಸಿಗುವ ಅಡಿಕೆ ತೋಟದ ಮನೆ. ಮೂರು ಕಡೆ ಗುಡ್ಡ, ಒಂದು ಕಡೆ ತೋಟ. ಇರುವವರು ನಾಲ್ಕು ಜನ: ಮಾವ, ಅತ್ತೆ, ನನ್ನ ಗಂಡ, ನಾನು. ಜಮಾ ಖರ್ಚಿನ ಪುಸ್ತಕ ನನ್ನ ಕೈಯಲ್ಲಿರುವುದರಿಂದ ಮೂರು ಬಗೆಯ ಏರ್ಪಾಡುಗಳನ್ನೂ ಬಳಸಿ, ಬರೆದಿಟ್ಟು, ತೂಗಿ ನೋಡಿದ್ದೇನೆ. ಮೊದಲನೆಯದು ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನ್, ಜೊತೆಗೊಂದು ಕೀಪ್ಯಾಡ್ ಮೊಬೈಲ್. ಎರಡನೆಯದು ತಲೆಗೊಂದು ಡೇಟಾ ಸಿಮ್. ಮೂರನೆಯದು ಮನೆಗೆ ಫೈಬರ್ (ಗಾಜಿನ ಎಳೆಯಲ್ಲಿ ಬರುವ ಇಂಟರ್ನೆಟ್), ಅದಕ್ಕೇ ಜೋಡಿಸಿದ ಲ್ಯಾಂಡ್‌ಲೈನ್, ಹೊರಗೆ ಓಡಾಡುವವರಿಗೆ ಮಾತ್ರ ಸಿಮ್.

ತಾಮ್ರದ ತಂತಿಯ ಖರ್ಚು ಹೇಳುವಷ್ಟು ದೊಡ್ಡದಲ್ಲ. ಬಾಡಿಗೆ, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ ತಿಂಗಳಿಗೆ ಇನ್ನೂರು ಚಿಲ್ಲರೆ ಬರುತ್ತಿತ್ತು. ಬಿಎಸ್‌ಎನ್‌ಎಲ್ 2015ರ ಮೇ ತಿಂಗಳಿನಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ, 2016ರ ಆಗಸ್ಟ್ 15ರಿಂದ ಭಾನುವಾರ ಇಡೀ ದಿನ ಲ್ಯಾಂಡ್‌ಲೈನ್ ಕರೆಗಳನ್ನು ಉಚಿತ ಮಾಡಿದಾಗ ನಮ್ಮ ಅತ್ತೆಯ ತಂಗಿಯರೆಲ್ಲ ಭಾನುವಾರದ ಮಧ್ಯಾಹ್ನವನ್ನು ಹಂಚಿಕೊಂಡರು. ಒಬ್ಬರು ಇಟ್ಟ ಕೂಡಲೇ ಇನ್ನೊಬ್ಬರದ್ದು ಬರುತ್ತಿತ್ತು. ಆ ಕಾಲದ ಹರಟೆಗೆ ಇವತ್ತಿನ ಯಾವ ಅನಿಯಮಿತ ಯೋಜನೆಯೂ ಸಮವಲ್ಲ ಎಂಬುದು ಅತ್ತೆಯ ಅಭಿಪ್ರಾಯ. ಮಾತು ಕಡಿಮೆಯಾದದ್ದಕ್ಕೆ ಯೋಜನೆ ಕಾರಣವೋ ತಂಗಿಯರಿಗೆ ವಯಸ್ಸಾದದ್ದು ಕಾರಣವೋ ಎಂದು ನಾನು ಕೇಳಿಲ್ಲ.

ಅದರ ನಿಜವಾದ ಬೆಲೆ ತಿಳಿಯುವುದು ಮಳೆಗಾಲದಲ್ಲಿ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಪುನರ್ವಸು ಮಳೆ ಹಿಡಿದರೆ ಕರೆಂಟು ಹೋದದ್ದು ಯಾವಾಗ ಬರುತ್ತದೆಂದು ಯಾರೂ ಕೇಳುವುದಿಲ್ಲ. ಆಗಲೂ ಲ್ಯಾಂಡ್‌ಲೈನ್ ಎತ್ತಿದರೆ ಸದ್ದು ಇರುತ್ತಿತ್ತು. ಆ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ, 48 ವೋಲ್ಟ್‌ನಷ್ಟು, ಅದೇ ತಂತಿಯಲ್ಲಿ ಬರುತ್ತದೆ. ಮನೆಯ ಕರೆಂಟಿನ ಹಂಗು ಅದಕ್ಕಿಲ್ಲ. ಮಾವನಿಗೆ ಒಂದು ನಡುರಾತ್ರಿ ಎದೆ ಬಿಗಿದಾಗ 108ಕ್ಕೆ ಕರೆ ಹೋದದ್ದು ಆ ಫೋನಿನಿಂದಲೇ. ಈ ಒಂದು ಗುಣವನ್ನು ರೂಪಾಯಿಯಲ್ಲಿ ಬರೆಯಲು ನನ್ನ ಪುಸ್ತಕದಲ್ಲಿ ಕಲಂ ಇಲ್ಲ.

ಆದರೆ ತಂತಿ ಇದ್ದರೆ ತಾನೇ? ನೇರಳೆ ಮರದ ಒಂದು ಕೊಂಬೆ ಬಿದ್ದರೆ ಸಾಕು. ರಸ್ತೆ ಬದಿಗೆ ಜೆಸಿಬಿ ಬಂದರೆ ನೆಲದೊಳಗಿನ ಕೇಬಲ್ ಹೋಯಿತು. ಜಾಯಿಂಟಿಗೆ ನೀರು ಇಳಿದರೆ ಕರಕರ ಸದ್ದಿನ ನಡುವೆ ಅರ್ಧ ಮಾತು ಮಾತ್ರ ಕೇಳಿಸುತ್ತದೆ. ಭರಣಿ, ಕೃತ್ತಿಕೆಯ ಗುಡುಗು ಶುರುವಾಯಿತೆಂದರೆ ಓಡಿ ಹೋಗಿ ಪಿನ್ ಕೀಳಬೇಕು, ಇಲ್ಲದಿದ್ದರೆ ಸಿಡಿಲು ತಂತಿ ಹಿಡಿದು ಬಂದು ಸೆಟ್ಟನ್ನು ಸುಟ್ಟು ಹೋಗುತ್ತದೆ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಬಂತು. ಮಾವನಿಗೆ ಅದು ಇವತ್ತಿಗೂ ಒಗ್ಗಿಲ್ಲ.

ಇಷ್ಟಾದರೂ ಅದನ್ನೇ ಇಟ್ಟುಕೊಳ್ಳುತ್ತಿದ್ದೆವು. ಅದನ್ನು ಮೂಲೆಗೆ ತಳ್ಳಿದ್ದು ಮಳೆಯಲ್ಲ, ಒಟಿಪಿ. ಬ್ಯಾಂಕು, ಗ್ಯಾಸ್, ಆಧಾರ್, ಬೆಳೆ ವಿಮೆ, ಎಲ್ಲದಕ್ಕೂ ಆರು ಅಂಕಿಯ ಸಂದೇಶ ಬರಬೇಕು, ಅದು ಲ್ಯಾಂಡ್‌ಲೈನಿಗೆ ಬರುವುದಿಲ್ಲ. ಹೀಗಾಗಿ ಇನ್ನೂರು ರೂಪಾಯಿಯ ಅಗ್ಗದ ಫೋನಿನ ಪಕ್ಕದಲ್ಲಿ ಇನ್ನೊಂದು ಮೊಬೈಲ್ ಸಾಕಲೇಬೇಕು. ಆ ಮೊಬೈಲಿಗೆ ಹೇಗೂ ದುಡ್ಡು ಕೊಡುತ್ತೇವಲ್ಲ, ಮತ್ತೆ ಇದೇಕೆ ಎಂಬ ಮಾತು ಮನೆಮನೆಯಲ್ಲಿ ಹುಟ್ಟಿದ್ದು ಹಾಗೆ.

ಎರಡನೆಯ ಏರ್ಪಾಡು ಎಲ್ಲರಿಗೂ ಗೊತ್ತಿರುವುದೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾವನ್ನು ಬಿಟ್ಟಿ ಹಂಚಿದಾಗ ಊರಿಗೆ ಊರೇ ಸಿಮ್ ಕೊಂಡಿತು. ಅಭ್ಯಾಸ ಹತ್ತಿತು, ದರ ಏರಿತು. 2024ರ ಜುಲೈ ಆರಂಭದಲ್ಲಿ ಖಾಸಗಿ ಕಂಪನಿಗಳು ಮೂರೂ ಒಟ್ಟಿಗೆ ಏರಿಸಿದ ಮೇಲೆ ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನಗಳ ಯೋಜನೆ 239ರಿಂದ 299ಕ್ಕೆ, 84 ದಿನಗಳದ್ದು 666ರಿಂದ 799ಕ್ಕೆ ಹೋಯಿತು. ಇಲ್ಲಿ 28 ದಿನ ಎನ್ನುವುದನ್ನು ಗಮನಿಸಬೇಕು. ಅದು ತಿಂಗಳಲ್ಲ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕಟ್ಟಬೇಕು. 299ರಂತೆ ಹದಿಮೂರು ಸಲಕ್ಕೆ ಒಬ್ಬರಿಗೆ 3,887 ರೂಪಾಯಿ, ನಾಲ್ವರಿಗೆ 15,548. ಒಮ್ಮೆಲೇ 799 ಹಾಕುವ ಶಕ್ತಿ ಇದ್ದವರಿಗೆ ವರ್ಷಕ್ಕೆ ತಲೆಗೆ ಸುಮಾರು 3,470, ನಾಲ್ವರಿಗೆ 13,900ರ ಹತ್ತಿರ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರೇ ಹೆಚ್ಚು ಕೊಡುವಂತೆ ಈ ದರಪಟ್ಟಿ ಮಾಡಿದ್ದಾರೆ. ದಿನಗೂಲಿಯವರು 28 ದಿನದ್ದನ್ನೇ ಹಾಕಿಸುತ್ತಾರೆ.

ದರಕ್ಕಿಂತ ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಒಂದು ಕಂಪನಿಯದ್ದು ಜಗಲಿಯ ಪಡುವಣ ಮೂಲೆಯಲ್ಲಿ ಒಂದು ಕಡ್ಡಿ ತೋರಿಸುತ್ತದೆ, ಇನ್ನೊಂದರದ್ದು ಕೊಟ್ಟಿಗೆಯ ಹಿಂದಿನ ದರೆ ಹತ್ತಿದರೆ. ದಿನಕ್ಕೆ ಒಂದೂವರೆ ಜಿಬಿ ಎಂದು ನಾಲ್ಕು ಜನಕ್ಕೆ ಆರು ಜಿಬಿಗೆ ಹಣ ಕೊಟ್ಟು, ಒಂದು ಫೋಟೋ ಕಳಿಸಲು ಕೊಡೆ ಹಿಡಿದು ಗುಡ್ಡ ಹತ್ತುವುದು. ರಾತ್ರಿ ಹನ್ನೆರಡಕ್ಕೆ ಉಳಿದ ಡೇಟಾ ಹೋಯಿತು, ಬೆಳಿಗ್ಗೆ ಹೊಸತು ಬಂತು, ಅದೂ ಹೋಯಿತು. ಅತ್ತೆ ಕೀಪ್ಯಾಡ್ ಫೋನಿನವರು. ಅವರ ಸಿಮ್ಮಿಗೂ ಅಂಗಡಿಯವನು ಡೇಟಾ ಯೋಜನೆಯನ್ನೇ ಹಾಕುತ್ತಿದ್ದ. ಮಳೆಯಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಆ ಒಂದು ಕಡ್ಡಿಯೂ ಇಲ್ಲ. ಪೇಟೆಯಲ್ಲಿ ಸಿಗ್ನಲ್ ಬೂಸ್ಟರ್ ಎಂದು ಮಾರುತ್ತಾರೆ. ಪರವಾನಗಿ ಇಲ್ಲದೆ ಅದನ್ನು ಮನೆಯಲ್ಲಿ ಹಾಕುವುದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ಸಿಗ್ನಲನ್ನೂ ಅದು ಕೆಡಿಸುತ್ತದೆ. ಆ ದಾರಿಗೆ ನಾವು ಹೋಗಲಿಲ್ಲ.

ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಸೂಚನೆಯ ಮೇಲೆ 2025ರ ಜನವರಿಯಲ್ಲಿ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ, ಡೇಟಾ ಇಲ್ಲದ ಯೋಜನೆಗಳು ಬಂದವು. ಜಿಯೋದಲ್ಲಿ 84 ದಿನಕ್ಕೆ 448, ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ಪೂರ್ತಿ ವರ್ಷಕ್ಕೆ 1,849. ಅತ್ತೆಯಂಥವರಿಗೆ ಇದು ಎಷ್ಟೋ ಮೊದಲೇ ಸಿಗಬೇಕಾಗಿತ್ತು. ಆದರೂ ಅಂಗಡಿಗೆ ಹೋಗಿ ಬಾಯಿಬಿಟ್ಟು ಕೇಳದಿದ್ದರೆ ಅದನ್ನು ತಾವಾಗಿ ಹೇಳುವವರು ಕಡಿಮೆ.

ಫೈಬರ್ ಹಾಕಿಸುವಾಗ ನನ್ನ ಅಂದಾಜು ಸರಳವಾಗಿತ್ತು: ಮನೆಗೆಲ್ಲ ಒಂದೇ ಡೇಟಾ, ಸಿಮ್‌ಗಳಿಗೆಲ್ಲ ಬರೀ ಕರೆಯ ಯೋಜನೆ, ಅರ್ಧ ಖರ್ಚು ಉಳಿತಾಯ. ಪೆನ್ನು ಹಿಡಿದು ಕೂತಾಗ ಬಂದದ್ದು ಬೇರೆ. 449 ರೂಪಾಯಿಯ ಯೋಜನೆ ಎಂದು ಜಾಹೀರಾತಿನಲ್ಲಿರುತ್ತದೆ, ಜಿಎಸ್‌ಟಿ ಸೇರಿದರೆ ಸುಮಾರು 530. ಮೊಬೈಲ್ ರೀಚಾರ್ಜಿನ ಬೆಲೆಯಲ್ಲಿ ತೆರಿಗೆ ಒಳಗೇ ಇರುತ್ತದೆ, ಇಲ್ಲಿ ಹೊರಗಿರುತ್ತದೆ. ಎರಡನ್ನೂ ಹೋಲಿಸುವವರು ಇದನ್ನು ಮರೆಯಬಾರದು. ವರ್ಷಕ್ಕೆ 6,358. ಅದರ ಮೇಲೆ ನಾಲ್ಕು ಸಿಮ್ಮಿಗೂ 1,849ರಂತೆ 7,396. ಒಟ್ಟು 13,754. ತಲೆಗೊಂದು 799ರ ಡೇಟಾ ಸಿಮ್ಮಿನ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ನೂರು ಚಿಲ್ಲರೆ ರೂಪಾಯಿ!

ಅದೂ ಪೂರ್ತಿ ನಿಜವಲ್ಲ. ಡೇಟಾ ಇಲ್ಲದ ಸಿಮ್ ಹಿಡಿದು ತೀರ್ಥಹಳ್ಳಿ ಪೇಟೆಗೆ ಹೋದರೆ ಗೊಬ್ಬರದ ಅಂಗಡಿಯಲ್ಲಿ ಫೋನಿನಿಂದ ಹಣ ಕಳಿಸಲು ಆಗುವುದಿಲ್ಲ. ಮಂಡಿಯ ಅಡಿಕೆ ಧಾರಣೆ ನೋಡಲಿಕ್ಕೂ ಇಲ್ಲ. ಹೊರಗೆ ಓಡಾಡುವ ನಮ್ಮಿಬ್ಬರಿಗೆ ಸ್ವಲ್ಪ ಡೇಟಾ ಬೇಕೇ ಬೇಕು. ಏರ್‌ಟೆಲ್‌ನಲ್ಲಿ ವರ್ಷಕ್ಕೆಲ್ಲ ಸೇರಿ 30 ಜಿಬಿ ಕೊಡುವ 2,249ರ ಯೋಜನೆಯೊಂದಿದೆ. ಮನೆಯಲ್ಲಿ ಫೈಬರ್ ಇರುವವರಿಗೆ ಅಷ್ಟು ಧಾರಾಳವಾಗಿ ಸಾಕು. ನಮ್ಮಿಬ್ಬರಿಗೆ ಅದು, ಮಾವನಿಗೆ 1,849ರದ್ದು, ಅತ್ತೆಗೆ ಸಿಮ್ಮೇ ಬೇಡ, ಅಡುಗೆಮನೆಯ ಬಾಗಿಲಲ್ಲಿ ಲ್ಯಾಂಡ್‌ಲೈನ್ ಇದೆಯಲ್ಲ. ಹೀಗೆ ಹಿಡಿದರೆ ಒಟ್ಟು 12,705. ಉಳಿತಾಯ ಸಾವಿರದ ಇನ್ನೂರರ ಹತ್ತಿರ. ಅತ್ತೆಯ ಬ್ಯಾಂಕಿನ ಸಂದೇಶಗಳು ನನ್ನ ಗಂಡನ ನಂಬರಿಗೆ ಬರುತ್ತವೆ. ಅದಕ್ಕೆ ಅವರ ಒಪ್ಪಿಗೆ ಇದೆ. ಮಾವನನ್ನು ಕೇಳಿದಾಗ, “ನನ್ನ ದುಡ್ಡಿನ ಸುದ್ದಿ ನನ್ನ ಜೇಬಿಗೇ ಬರಲಿ ತಂಗಿ, ಅಷ್ಟು ಖರ್ಚು ನಾನೇ ಕೊಡುತ್ತೇನೆ” ಎಂದರು. ಸರಿಯಾದ ಮಾತು. ಹಿರಿಯರ ಸಿಮ್ ಕಿತ್ತು ಹಣ ಉಳಿಸುವ ಲೆಕ್ಕವನ್ನು ನಾನು ಮತ್ತೆ ಹಾಕಲಿಲ್ಲ.

ಮೊದಲ ವರ್ಷ ಆ ಉಳಿತಾಯವೂ ಇರುವುದಿಲ್ಲ. ಫೈಬರಿನ ಪೆಟ್ಟಿಗೆ ಮನೆಯ ಕರೆಂಟಿನಿಂದ ನಡೆಯುತ್ತದೆ. ಕರೆಂಟು ಹೋದರೆ ವೈಫೈ ಹೋಯಿತು, ಅದಕ್ಕೆ ಜೋಡಿಸಿದ ಲ್ಯಾಂಡ್‌ಲೈನೂ ಹೋಯಿತು. ಹಳೆಯ ಫೋನಿನ ಹಾಗೆ ಇದೂ ಕತ್ತಲಲ್ಲಿ ಮಾತಾಡುತ್ತದೆ ಎಂದು ನಂಬಿ ಕೂರಬಾರದು. ಇನ್ವರ್ಟರ್ ಇಲ್ಲದವರು ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಹಾಕಬೇಕು. ನಾವು ಕೊಂಡದ್ದು ಸಾವಿರದೈನೂರರ ಆಸುಪಾಸಿನದು, ಮೂರು ನಾಲ್ಕು ಗಂಟೆ ಎಳೆಯುತ್ತದೆ. ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ಒಂದು ರೂಟರಿನ ವೈಫೈ ಅಡುಗೆಮನೆ ದಾಟುವುದಿಲ್ಲ, ಇನ್ನೊಂದು ಬೇಕಾಗುತ್ತದೆ. ಕೇಬಲ್ ಮರದಿಂದ ಮರಕ್ಕೆ ಬರುವುದರಿಂದ ಗಾಳಿಮಳೆಗೆ ಹರಿಯುವುದು ಇದಕ್ಕೂ ತಪ್ಪಿದ್ದಲ್ಲ. ಮಂಗಗಳು ಜೋತು ಬೀಳುವುದು ಬೇರೆ. ಒಂದೇ ಲಾಭವೆಂದರೆ ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿದು ಬರುವುದಿಲ್ಲ. ಆದರೆ ಅಡಾಪ್ಟರಿನ ಮೂಲಕ ಬಂದೀತು, ಪಿನ್ ಕೀಳುವ ಕೆಲಸ ತಪ್ಪಿಲ್ಲ.

ಇಷ್ಟೆಲ್ಲ ಇದ್ದೂ ನಾನು ಮೂರನೆಯದನ್ನೇ ಇಟ್ಟುಕೊಂಡಿದ್ದೇನೆ. ವೈಫೈ ಕರೆಯ ಸೌಲಭ್ಯವಿರುವ ಫೋನುಗಳು ಈಗ ಮನೆಯೊಳಗೇ ರಿಂಗಾಗುತ್ತವೆ. ಅದೇ ಸಿಮ್, ಅದೇ ನಂಬರು, ಟವರ್ ಮಾತ್ರ ಬೇಡ. ಸೆಟ್ಟಿಂಗಿನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು, ಹೆಚ್ಚಿನ ದುಡ್ಡಿಲ್ಲ. ಗುಡ್ಡ ಹತ್ತುವುದು ನಿಂತಿತು. ಇನ್ನೊಂದು, ಸಿಮ್ಮಿನ ಖರ್ಚು ತಲೆ ಎಣಿಸಿ ಬೆಳೆಯುತ್ತದೆ, ಫೈಬರಿನದ್ದು ಮನೆ ಎಣಿಸಿ ನಿಲ್ಲುತ್ತದೆ. ನಾಲ್ಕು ಜನಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಓದುವ ಮಕ್ಕಳಿಬ್ಬರು ಸೇರಿ ಆರು ಜನರಾದರೆ ಫೈಬರ್ ಸ್ಪಷ್ಟವಾಗಿ ಮುಂದೆ. ಇಬ್ಬರೇ ಇರುವ ಮನೆಗೆ, ಅಲ್ಲಿ ಸಿಗ್ನಲ್ ಚೆನ್ನಾಗಿದ್ದರೆ, ಫೈಬರ್ ದಂಡ.

ತಾಮ್ರದ ತಂತಿಯನ್ನು ಇನ್ನೂ ಕೀಳದೆ ಇಟ್ಟುಕೊಂಡವರು ನಮ್ಮ ಕಡೆ ಅಲ್ಲಲ್ಲಿ ಇದ್ದಾರೆ. ವಯಸ್ಸಾದವರು ಮಾತ್ರ ಇರುವ, ಎಕ್ಸ್‌ಚೇಂಜಿಗೆ ಹತ್ತಿರದ ಮನೆಯಾದರೆ ಬಿಡಬೇಡಿ ಎಂದೇ ಹೇಳುತ್ತೇನೆ. ಬಿಡುವುದಾದರೆ ಆರಂಭದಲ್ಲಿ ಕಟ್ಟಿದ ಠೇವಣಿಯನ್ನು ಅರ್ಜಿ ಕೊಟ್ಟು ಕೇಳಿ, ಬಾಕಿ ಕಳೆದು ಉಳಿದದ್ದನ್ನು ಹಿಂದಿರುಗಿಸುತ್ತಾರೆ.

ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆಗೆ ಇರುವ ನನ್ನ ಮೈದುನನ ಲೆಕ್ಕವೇ ಬೇರೆ. ಗಂಡ ಹೆಂಡತಿ ಇಬ್ಬರೇ. ಜಿಯೋದ 349ರ ರೀಚಾರ್ಜ್, 28 ದಿನ, 5ಜಿ ಅನಿಯಮಿತ. ಇಬ್ಬರಿಗೆ ವರ್ಷಕ್ಕೆ ಹದಿಮೂರು ಸಲದಂತೆ 9,074. ಟಿವಿಗೂ ಮೊಬೈಲಿನಿಂದಲೇ ಹಂಚಿಕೊಳ್ಳುತ್ತಾರೆ, ಮನೆ ಬದಲಿಸಿದರೆ ತಂತಿ ಎಳೆಸುವ ರಗಳೆ ಇಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ತಂತಿಗೆ ದುಡ್ಡು ಹಾಕುವವರನ್ನು ಕಂಡರೆ ಅವನಿಗೆ ನಗು. ದೊಡ್ಡಹಬ್ಬಕ್ಕೆ ಊರಿಗೆ ಬಂದವನು ಮಾತ್ರ ಚಪ್ಪಲಿ ಬಿಡುವ ಮೊದಲೇ, “ಅತ್ತಿಗೆ, ವೈಫೈ ಪಾಸ್‌ವರ್ಡ್ ಹೋದ ವರ್ಷದ್ದೇ ತಾನೇ?” ಎಂದು ಕೇಳುತ್ತಾನೆ.