ಚಿನ್ನ ತೊಳೆಯುವ ಹಸಿರು ತಟ್ಟೆ: ಮೊದಲು ಸೋಪು, ಆಮೇಲೆ ಮರಳು

ಅಳತೆ, ತೂಕ ಎಲ್ಲ ಜಾಹೀರಾತಿನಲ್ಲಿಯೇ ಇವೆ. ಅಲ್ಲಿ ಇಲ್ಲದ್ದನ್ನು ಮೊದಲು ಹೇಳುತ್ತೇನೆ: ಮರಳಿನಿಂದ ಚಿನ್ನ ಬೇರ್ಪಡಿಸುವ ಈ ಪ್ಲಾಸ್ಟಿಕ್ ತಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ನೀರಿಗೆ ಇಳಿಸಬೇಡಿ. ಹೊಸದರ ಮೈಗೆ ಎಣ್ಣೆಯ ಪಸೆ ಅಂಟಿಕೊಂಡಿರುತ್ತದೆ.

ಗದಗಿನ ನಮ್ಮ ಓಣಿಯ ಅಕ್ಕಸಾಲಿಗರು ಚಿನ್ನದ ಅರದ ಪುಡಿಯಲ್ಲಿ ಕೆಲವು ಕಣಗಳನ್ನು ಎಣಿಸಿ ಕೊಟ್ಟಿದ್ದರು. ತಟ್ಟೆಯ ಯೋಗ್ಯತೆ ನೋಡಲು ಅವನ್ನು ಮರಳಿಗೆ ಕಲಸಿ ತೊಳೆದೆ. ನೀರಿಗಿಂತ 19 ಪಟ್ಟು ಭಾರದ ಲೋಹ ತಳ ಸೇರಬೇಕಿತ್ತು. ಆದರೆ ಎಣ್ಣೆಯ ಪಸೆಯಿಂದಾಗಿ ಸಣ್ಣ ಕಣಗಳು ನೀರಿನ ಮೇಲೆಯೇ ತೇಲಿ ಅಂಚು ದಾಟಿದವು! ಜೊತೆಗೆ ಬಂದ ಕೈಪಿಡಿಯಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ. ಹಣ ಕೊಟ್ಟವರಿಗೆ ಇಷ್ಟಾದರೂ ತಿಳಿಸಬೇಡವೇ ಎಂದು ಸಿಟ್ಟು ಬಂದಿತ್ತು.

ಪಾತ್ರೆ ತೊಳೆಯುವ ಸೋಪು, ಮೇಲೊಂದು ಹಿಡಿ ಮರಳು ಹಾಕಿ, ಮೈ ತುಸು ಒರಟಾಗುವವರೆಗೆ ತಿಕ್ಕಿದ ಮೇಲೆ ತಟ್ಟೆಯ ಗುಣವೇ ಬದಲಾಯಿತು. ಈಗಲೂ ತೊಳೆಯುವ ನೀರಿಗೆ ಒಂದು ಹನಿ ಸೋಪು ಬಿಡುತ್ತೇನೆ.

ನನ್ನ ಕೆಲಸವೆಲ್ಲ ಹಿತ್ತಲಿನಲ್ಲಿ, ಮನೆ ಕಟ್ಟಿಸಿದಾಗ ಉಳಿದ ತುಂಗಭದ್ರೆಯ ಮರಳಿನಲ್ಲಿ. ಬೆಳಗಿನ ಚಹಾ ಮುಗಿಸಿ, ಅಗಲವಾದ ಟಬ್ಬಿನಲ್ಲಿ ನೀರು ತುಂಬಿ ಕೂರುತ್ತೇನೆ. ಸಣ್ಣ ಕಲ್ಲುಗಳನ್ನು ಆರಿಸಿ ಎಸೆದು, ತಟ್ಟೆಯನ್ನು ನೀರೊಳಗೆ ಅಡ್ಡಡ್ಡ ಅಲುಗಾಡಿಸಿ, ಆಮೇಲೆ ಓರೆ ಮಾಡಿ ಅಕ್ಕಿ ಗಾಳಿಸಿದಂತೆ ಮೇಲಿನದನ್ನು ಮೆಲ್ಲಗೆ ಹೊರಗೆ ಬಿಡಬೇಕು. ಬಿಳಿ ಮರಳು ಹೋಗುತ್ತದೆ, ಕಪ್ಪು ಮರಳು ಉಳಿಯುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದರೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಎದ್ದು ಬರುತ್ತದೆ. ಕೊನೆಗೆ ತಿಳಿಗೆಂಪಿನ ಗಾರ್ನೆಟ್ ಎಂಬ ಖನಿಜದ ಕಣಗಳು ಹಸಿರು ತಳದ ಮೇಲೆ ಸಾಲಾಗಿ ನಿಲ್ಲುತ್ತವೆ. ಈ ಬಣ್ಣಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಇವುಗಳಿಗಾಗಿಯೇ ಮತ್ತೆ ಮತ್ತೆ ಕೂರುತ್ತೇನೆ.

ಚಿನ್ನ ಸಿಕ್ಕಿತೇ ಎಂದರೆ, ಈ ಮರಳಿನಲ್ಲಿ ಇಲ್ಲ. ಮಿನುಗುವುದೆಲ್ಲ ಅಭ್ರಕ. ತಟ್ಟೆಯನ್ನು ನೆರಳಿಗೆ ಹಿಡಿಯಿರಿ: ಅಭ್ರಕ ಮಂಕಾಗುತ್ತದೆ, ಚಿನ್ನ ಅಲ್ಲಿಯೂ ಹಳದಿಯಾಗಿಯೇ ಕಾಣುತ್ತದೆ.

ಕಪ್ಪತಗುಡ್ಡಕ್ಕೆ ಹೋಗಬಾರದೇ ಎಂದು ಗೆಳೆಯರು ಕೇಳುತ್ತಾರೆ. ಅಲ್ಲಿನ ದೋಣಿ ಎಂಬ ಊರಿನ ಹಳ್ಳಗಳಲ್ಲಿ ಜಲಗಾರರೆಂಬ ಕಸುಬಿನವರು ಹಿಂದೆ ಚಿನ್ನ ತೊಳೆಯುತ್ತಿದ್ದರು. ಈ ಗುಡ್ಡಗಳ ಚಿನ್ನದ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿಯೇ ಬರೆದಿದ್ದಾರೆ. ಆಸೆ ನನಗೂ ಇದೆ. ಆದರೆ 2019ರಿಂದ ಅದು ವನ್ಯಜೀವಿಧಾಮ. ಅಲ್ಲಿನ ಹಳ್ಳಕ್ಕೆ ತಟ್ಟೆ ಒಯ್ಯುವುದು ತಪ್ಪು, ದಯವಿಟ್ಟು ಯಾರೂ ಮಾಡಬೇಡಿ.

ತಟ್ಟೆಯ ಇನ್ನೊಂದು ದೋಷಕ್ಕೆ ಮಾತ್ರ ಮದ್ದಿಲ್ಲ. ಚಿನ್ನವನ್ನು ತಡೆದು ಹಿಡಿಯಲು ಒಳಗೆ ಇರುವ ಅಡ್ಡ ಮೆಟ್ಟಿಲುಗಳು ತೀರಾ ಎತ್ತರ. ಅವುಗಳ ಬುಡದಲ್ಲಿ ಕಪ್ಪು ಮರಳು ಗಟ್ಟಿಯಾಗಿ ಕೂತು, ನುಣ್ಣನೆಯ ಚಿನ್ನದ ಪುಡಿಗೆ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಅಕ್ಕಸಾಲಿಗರ ಕಣಗಳಲ್ಲಿ ದಪ್ಪನೆಯವು ಈಗ ಪ್ರತಿ ಸಲವೂ ಮರಳಿ ಸಿಗುತ್ತವೆ, ಪುಡಿಯಂಥವು ಕೈತಪ್ಪುತ್ತವೆ.

ನನ್ನಂಥ ನಿವೃತ್ತರ ಕೈಗೆಟಕುವ ಬೆಲೆ ಎಂಬ ಕಾರಣಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕೊಳ್ಳುವವರು ಗಿಡ್ಡ ಮೆಟ್ಟಿಲುಗಳದ್ದನ್ನೇ ಹುಡುಕಿ. ಬಣ್ಣ ಹಸಿರೇ ಇರಲಿ. ಕಪ್ಪು ತಟ್ಟೆಯಲ್ಲಿ ಕಪ್ಪು ಮರಳು ಎಷ್ಟು ಉಳಿದಿದೆ ಎಂಬುದೇ ತಿಳಿಯುವುದಿಲ್ಲ.